ಹಳದಿಯ ಮೇಲೆ ಬಂದ ಅಪವಾದ: ಮೊಟ್ಟೆ ಮತ್ತು ಕೊಲೆಸ್ಟ್ರಾಲ್‌ನ ಕಥೆ

ಉತ್ತರ ಕರ್ನಾಟಕದವರಿಗೆ ತತ್ತಿ, ಬೆಂಗಳೂರು-ಮೈಸೂರಿನವರಿಗೆ ಮೊಟ್ಟೆ, ಇಲ್ಲಿ ಕೊಂಢವಾದ ಅಂಗಡಿಯಲ್ಲಿ ಕೇಳುವಾಗ ಅಂಡಿ. ಹೆಸರು ಯಾವುದಾದರೂ, ಮೊಟ್ಟೆ ತಿನ್ನುವ ಎಷ್ಟೋ ಮನೆಗಳಲ್ಲಿ ನಲವತ್ತು ದಾಟುತ್ತಲೇ ಹಳದಿ ಭಾಗ ತಟ್ಟೆಯ ಅಂಚಿಗೆ ಸರಿಯುತ್ತದೆ. “ಕೊಲೆಸ್ಟ್ರಾಲ್ ಇದೆ, ಬಿಳಿ ಮಾತ್ರ ಸಾಕು” ಎಂಬ ಮಾತು ನಮಗೆಲ್ಲ ಬಾಯಿಪಾಠ. ಈ ಭಯಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಅದರಲ್ಲಿ ನಮ್ಮ ಪುಣೆಗೂ ಪಾಲಿದೆ.

1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೊವ್ ಎಂಬ ವಿಜ್ಞಾನಿ ಮೊಲಗಳಿಗೆ ಶುದ್ಧ ಕೊಲೆಸ್ಟ್ರಾಲನ್ನು ಎಣ್ಣೆಯಲ್ಲಿ ಕಲಸಿ ತಿನ್ನಿಸಿದರು. ಮೊಲಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡಿತು. ರಕ್ತದ ಕೊಲೆಸ್ಟ್ರಾಲ್‌ಗೂ ಹೃದ್ರೋಗಕ್ಕೂ ಇರುವ ನಂಟಿನ ಅಧ್ಯಯನಕ್ಕೆ ಇದು ಬುನಾದಿಯಾಯಿತು. ಆದರೆ ಮೊಲ ಸೊಪ್ಪು ತಿನ್ನುವ ಪ್ರಾಣಿ. ಆಹಾರದಲ್ಲಿ ಬರುವ ಕೊಲೆಸ್ಟ್ರಾಲನ್ನು ನಿಭಾಯಿಸುವ ಶಕ್ತಿ ಅದರ ದೇಹಕ್ಕೆ ಕಡಿಮೆ. ಮನುಷ್ಯರಲ್ಲಿ ಬಹುಪಾಲು ಕೊಲೆಸ್ಟ್ರಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಊಟದಲ್ಲಿ ಹೆಚ್ಚು ಬಂದರೆ, ಸಾಮಾನ್ಯವಾಗಿ, ಯಕೃತ್ತು ತನ್ನ ತಯಾರಿಕೆಯನ್ನು ತಗ್ಗಿಸುತ್ತದೆ.

ಆದರೂ 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟ್ರಾಲ್ ಬೇಡ, ವಾರಕ್ಕೆ ಮೂರು ಹಳದಿ ಮೀರಬಾರದು ಎಂದಿತು. ಒಂದು ಮೊಟ್ಟೆಯಲ್ಲೇ ಸುಮಾರು 190 ಮಿಲಿಗ್ರಾಂ ಇರುತ್ತದೆ. 1984ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಎರಡು ಹುರಿದ ಮೊಟ್ಟೆಗಳೇ ಕಣ್ಣಾಗಿ ಅಳುಮೋರೆಯೊಂದು ಕಾಣಿಸಿಕೊಂಡಿತು. ಭಯ ಮನೆಮಾತಾಯಿತು.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ನಡೆದದ್ದೇ ಬೇರೆ. ನ್ಯಾಯವಾದ ಬೆಲೆ ಸಿಗದೆ ಕಂಗಾಲಾಗಿದ್ದ ಕೋಳಿ ಸಾಕಣೆದಾರರನ್ನು ಡಾ. ಬಿ. ವಿ. ರಾವ್ ಒಟ್ಟುಗೂಡಿಸಿ, 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ (ಎನ್‌ಇಸಿಸಿ) ಕಟ್ಟಿದರು. ಅವರ ವೆಂಕಟೇಶ್ವರ ಹ್ಯಾಚರೀಸ್‌ನ ನೆಲೆ ನಮ್ಮ ಪುಣೆಯೇ. ವಾರದ ಯಾವ ದಿನವಾದರೂ ಮೊಟ್ಟೆ ತಿನ್ನಿ ಎನ್ನುತ್ತಿದ್ದ ದೂರದರ್ಶನದ ಜಾಹೀರಾತು ನಿಮಗೂ ನೆನಪಿರಬಹುದು. ಅದು ಈ ಸಮಿತಿಯದೇ. ಹೀಗೆ ಒಂದು ಕಡೆ ದಿನಾ ತಿನ್ನಿ ಎಂಬ ಪ್ರಚಾರ, ಇನ್ನೊಂದು ಕಡೆ ತಿನ್ನಬೇಡಿ ಎಂಬ ಎಚ್ಚರಿಕೆ. ನಡುವೆ ಸಿಕ್ಕಿಕೊಂಡವಳು ಅಡುಗೆಮನೆಯ ಗೃಹಿಣಿ!

ಉತ್ತರ ಸಿಗಲು ಆರಂಭವಾದದ್ದು 1999ರಲ್ಲಿ. ಅಮೆರಿಕದಲ್ಲಿ 80,000ಕ್ಕೂ ಹೆಚ್ಚು ದಾದಿಯರನ್ನೂ 37,000ಕ್ಕೂ ಹೆಚ್ಚು ಪುರುಷರನ್ನೂ ವರ್ಷಗಟ್ಟಲೆ ಗಮನಿಸಿದ ಅಧ್ಯಯನವು, ಆರೋಗ್ಯವಂತರಲ್ಲಿ ದಿನಕ್ಕೊಂದು ಮೊಟ್ಟೆಯಿಂದ ಹೃದ್ರೋಗ ಹೆಚ್ಚಿದ್ದು ಕಾಣಲಿಲ್ಲ ಎಂದಿತು. ಆದರೆ ಮಧುಮೇಹಿಗಳಲ್ಲಿ ಹೆಚ್ಚು ಮೊಟ್ಟೆ ತಿನ್ನುವವರಿಗೆ ಅಪಾಯ ಹೆಚ್ಚಿರಬಹುದೆಂಬ ಸುಳಿವು ಸಿಕ್ಕಿತು. 2015ರ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ 300 ಮಿಲಿಗ್ರಾಂ ಎಂಬ ಲೆಕ್ಕವೇ ಕೈಬಿಟ್ಟುಹೋಯಿತು. 2019ರ ಒಂದು ಅಧ್ಯಯನ ಮತ್ತೆ ಮೊಟ್ಟೆಯತ್ತ ಬೆರಳು ತೋರಿಸಿದರೆ, 2020ರ ಇನ್ನೊಂದು ದೊಡ್ಡ ಅಧ್ಯಯನ ದಿನಕ್ಕೊಂದರವರೆಗೆ ಅಪಾಯ ಕಾಣುವುದಿಲ್ಲ ಎಂದಿತು. ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಹೆಚ್ಚು ಏರಿಸುವುದು ಬೆಣ್ಣೆ, ಡಾಲ್ಡಾಗಳಂಥ ಕೊಬ್ಬು ಎಂಬುದು ಮಾತ್ರ ಸ್ಪಷ್ಟವಾಗುತ್ತ ಬಂದಿದೆ.

ಆದರೆ ಭಾರತೀಯರ ದೇಹದ ಪಾಡು ಸ್ವಲ್ಪ ಬೇರೆ. ಅದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. 1993ರಿಂದ ಪುಣೆ ಸುತ್ತಲಿನ ಹಳ್ಳಿಗಳ ತಾಯಂದಿರನ್ನು ಅವರ ತಂಡ ಅಧ್ಯಯನ ಮಾಡಿತು. ಇಲ್ಲಿನ ಕೂಸುಗಳ ತೂಕ ಸರಾಸರಿ 2.7 ಕಿಲೋ, ಇಂಗ್ಲೆಂಡಿನವು 3.5 ಕಿಲೋ. ಆದರೂ ನಮ್ಮ ಕೂಸುಗಳಲ್ಲಿ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ, ಸ್ನಾಯು ಕಡಿಮೆ ಇತ್ತು. 2004ರಲ್ಲಿ ಅವರು ತಮ್ಮದೇ ಉದಾಹರಣೆ ಕೊಟ್ಟರು. ಅವರದೂ ಬ್ರಿಟಿಷ್ ವೈದ್ಯ ಜಾನ್ ಯುಡ್ಕಿನ್ ಅವರದೂ ಬಿಎಂಐ ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2! ನೋಡಲು ತೆಳ್ಳಗಿದ್ದರೂ ನಮಗೆ ಸಕ್ಕರೆ ಕಾಯಿಲೆ ಬೇಗ ಅಂಟಿಕೊಳ್ಳಲು ಇದೊಂದು ಕಾರಣ.

ಅಂದರೆ ನಾವು ನೋಡಬೇಕಾದದ್ದು ಬರೀ ಹಳದಿಯನ್ನಲ್ಲ, ಇಡೀ ತಟ್ಟೆಯನ್ನು. ಬೇಯಿಸಿದ ಮೊಟ್ಟೆಯ ಜೊತೆ ಜೋಳದ ರೊಟ್ಟಿ, ಪಲ್ಯ ತಿನ್ನುವುದೂ ಬೆಣ್ಣೆ ಸುರಿದ ಭುರ್ಜಿಯ ಜೊತೆ ನಾಲ್ಕು ಪಾವ್ ತಿನ್ನುವುದೂ ಒಂದೇ ಅಲ್ಲ. ಕೋಲಿನ್, ಡಿ ಜೀವಸತ್ವ, ಬಿ12ರ ಬಹುಪಾಲು ಇರುವುದು ಹಳದಿಯಲ್ಲೇ. 2021ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಕಲಬುರಗಿ, ವಿಜಯಪುರ, ಬೀದರ್ ಸೇರಿ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಕೊಡತೊಡಗಿದ್ದೂ ಇಡೀ ಮೊಟ್ಟೆಯನ್ನೇ. ಬೇಡವೆಂದವರಿಗೆ ಬಾಳೆಹಣ್ಣು ಸಿಗುತ್ತಿತ್ತು.

ಮೊಟ್ಟೆ ತಿನ್ನದ ಗೆಳತಿಯರು ಚಿಂತಿಸಬೇಕಿಲ್ಲ. ಹಾಲು, ಮೊಸರು, ಬೇಳೆಕಾಳುಗಳಿವೆ. ಬಿ12 ಮಾತ್ರ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ತಿನ್ನುವವರಲ್ಲಿ ಆರೋಗ್ಯವಂತರು ದಿನಕ್ಕೊಂದನ್ನು ಹಳದಿ ಸಮೇತ ತಿನ್ನಬಹುದು. ಮಧುಮೇಹ ಇರುವವರು, ಮನೆತನದಲ್ಲೇ ಕೊಲೆಸ್ಟ್ರಾಲ್ ಹೆಚ್ಚಿರುವವರು ವೈದ್ಯರನ್ನು ಕೇಳಿ ನಿರ್ಧರಿಸಿ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುವುದುಂಟು. ಆದ್ದರಿಂದ ಮನೆಯವರ ರಿಪೋರ್ಟ್ ಜೋಪಾನ ಮಾಡುವ ನಾವು, ವರ್ಷಕ್ಕೊಮ್ಮೆ ನಮ್ಮದನ್ನೂ ಮಾಡಿಸಿಕೊಳ್ಳೋಣ.