ಅಂಟುವಾಳದಿಂದ ಸಾಬೂನಿನವರೆಗೆ



ಗೊಟಗೋಡಿಯೂ ಸೇರಿ ನಮ್ಮ ಶಿಗ್ಗಾಂವಿ ಸೀಮೆಯಲ್ಲಿ ಹಿಂದೆ ಸಾಬೂನು ಅಪರೂಪದ ವಸ್ತು. ನಮ್ಮ ಹಿರಿಯರು ತಲೆಗೆ ಸೀಗಿಕಾಯಿ, ರೇಷ್ಮೆ ಸೀರೆಗೆ ಅಂಟುವಾಳ, ಹಿತ್ತಾಳಿ ಕೊಡಕ್ಕೆ ಹುಣಸಿಹಣ್ಣು, ಭಾಂಡೆಗೆ ಒಲಿಬೂದಿ ಬಳಸುತ್ತಿದ್ದರು. ಅಗಸರಿಗೆ ಸವುಳು ಮಣ್ಣಿತ್ತು. ಇದೇನು ಅಜ್ಞಾನವಲ್ಲ. ಅಂಟುವಾಳದ ಸಿಪ್ಪೆಯಲ್ಲಿ ನೊರೆ ಕೊಡುವ ಸಪೋನಿನ್ ಇದೆ. ಬೂದಿ, ಸವುಳಿನಲ್ಲಿ ಜಿಡ್ಡು ಕೀಳುವ ಕ್ಷಾರವಿದೆ.

ಮೊದಲ ಮಹಾಯುದ್ಧದ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ಗಂಧದ ಸಾಬೂನು ತಯಾರಾಯಿತು. ಬರಬರುತ್ತ ಪ್ಯಾಟಿ ಸಾಬೂನು ಹಳ್ಳಿಗೂ ಬಂತು. ಕೈ ತೊಳೆಯುವ ರೂಢಿ ಬೆಳೆದು ಒಳ್ಳೆಯದೇ ಆಯಿತು. ಆಮೇಲೆ ಬಂದದ್ದು 'ಕ್ರಿಮಿನಾಶಕ' ಸಾಬೂನು. ಸಾದಾ ಸಾಬೂನಿಗಿಂತ ಅದು ಮೇಲೆಂದು ತಯಾರಕರು ರುಜುವಾತು ಮಾಡಲಿಲ್ಲವೆಂದು 2016ರಲ್ಲಿ ಅಮೆರಿಕ ಸರ್ಕಾರ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಅಂಥ ಸಾಬೂನುಗಳಲ್ಲಿ ನಿಷೇಧಿಸಿತು. 2020ರ ಕೊರೋನಾ ಕಾಲದಲ್ಲೂ ಕೈಗೆ ಸಾದಾ ಸಾಬೂನೇ ಸಾಕಾಯಿತು.

ನಮ್ಮ ಬಚ್ಚಲ ನೀರು ಹರಿದು ಹಳ್ಳ, ಕೆರಿ ಸೇರುತ್ತದೆ. ಟ್ರೈಕ್ಲೋಸಾನ್ ಆ ನೀರಿನ ಪಾಚಿಗೆ ವಿಷ. ಪಾಚಿ ಹೋದರೆ ಮೀನಿಗೆ ಮೇವಿಲ್ಲ. ಆದ್ದರಿಂದ ಊಟಕ್ಕೆ ಮುಂಚೆ, ಶೌಚದ ನಂತರ ಸಾದಾ ಸಾಬೂನು ಬಿಡಬಾರದು. ಬಟ್ಟೆಗೆ ಅಂಟುವಾಳ, ಹಿತ್ತಾಳಿಗೆ ಹುಣಸಿಹಣ್ಣು ಇಂದಿಗೂ ನಡೆದಾವು. ಬ್ಲೀಚಿಂಗ್ ಪುಡಿಗೆ ಆ್ಯಸಿಡ್ ಮಾತ್ರ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಮಾತು ಇಲ್ಲಿಗಾದರೂ ಸುಳ್ಳಾಗಲಿ.