ಮೈಸೂರು ಸ್ಯಾಂಡಲ್ ಸೋಪು

ಶ್ರೀಗಂಧದ ಎಣ್ಣೆಯ ಪರಿಮಳ ಬೆರೆಸಿ ಬೆಂಗಳೂರಿನಲ್ಲಿ 1918ರಿಂದ ತಯಾರಾಗುತ್ತಿರುವ ಸ್ನಾನದ ಸಾಬೂನು. ಮೈಸೂರು ಸಂಸ್ಥಾನದ ಸರ್ಕಾರಿ ಸಾಬೂನು ಕಾರ್ಖಾನೆಯಲ್ಲಿ ಹುಟ್ಟಿದ ಇದನ್ನು 1980ರಿಂದ ರಾಜ್ಯ ಸರ್ಕಾರದ ಉದ್ಯಮವಾದ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ, ಅಂದರೆ ಕೆಎಸ್‌ಡಿಎಲ್, ತಯಾರಿಸುತ್ತಿದೆ. ಭಾರತದಲ್ಲಿ ಒಂದು ಶತಮಾನ ದಾಟಿಯೂ ಮಾರುಕಟ್ಟೆಯಲ್ಲಿ ನಿಂತಿರುವ ಸಾಬೂನುಗಳು ಕೆಲವೇ. ಅವುಗಳಲ್ಲಿ ಸರ್ಕಾರವೇ ಹುಟ್ಟುಹಾಕಿ ಸರ್ಕಾರವೇ ನಡೆಸಿಕೊಂಡು ಬಂದಿರುವುದು ಇದು. ಕಾಡಿನ ಮರವನ್ನು ಕೊರಡಿನ ರೂಪದಲ್ಲೇ ಪರದೇಶದವರಿಗೆ ಹರಾಜು ಹಾಕುತ್ತಿದ್ದ ಒಂದು ಸಂಸ್ಥಾನ, ಆ ಮರದಿಂದ ಸಿದ್ಧವಸ್ತು ಮಾಡಿ ತನ್ನ ಹೆಸರಿನಲ್ಲೇ ಮಾರಲು ಕಲಿತದ್ದು ಈ ಸಾಬೂನಿನ ಇತಿಹಾಸದ ತಿರುಳು.

ಸಾಬೂನಿಗೆ ಮುಂಚಿನ ಸ್ನಾನ

ಕನ್ನಡನಾಡಿನಲ್ಲಿ ಮೈ ತೊಳೆಯುವ ಪದಾರ್ಥಗಳಿಗೆ ಸಾಬೂನಿಗಿಂತ ಹಳೆಯ ಚರಿತ್ರೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಸ್ನಾನಭೋಗಕ್ಕೇ ಒಂದು ಭಾಗ ಮೀಸಲಾಗಿದೆ, ಸುಗಂಧ ತೈಲಗಳು, ಮೈಗೆ ತಿಕ್ಕುವ ಲೇಪಗಳು ಅಲ್ಲಿ ವರ್ಣಿತವಾಗಿವೆ. ಜನಸಾಮಾನ್ಯರ ಬಚ್ಚಲಿನಲ್ಲಿ ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು, ಹೆಸರುಹಿಟ್ಟು ಇದ್ದವು. ಸೀಗೆ ಮತ್ತು ಅಂಟುವಾಳದ ಕಾಯಿಗಳಲ್ಲಿರುವ ಸಪೋನಿನ್ ಎಂಬ ವಸ್ತು ನೀರಿನಲ್ಲಿ ನೊರೆ ಬಿಟ್ಟು ಜಿಡ್ಡನ್ನು ಎಬ್ಬಿಸುತ್ತದೆ. ಮಲೆನಾಡು, ಕರಾವಳಿಗಳಲ್ಲಿ ದಾಸವಾಳದ ಎಲೆಯನ್ನೋ ಮತ್ತಿಯ ಎಲೆಯನ್ನೋ ನೀರಿನಲ್ಲಿ ಕಿವುಚಿ ತೆಗೆದ ಲೋಳೆಯಾದ ಗೊಂಪನ್ನು ಎಣ್ಣೆಸ್ನಾನದ ತಲೆಗೆ ಹಚ್ಚುವ ರೂಢಿ ಇಂದಿಗೂ ಉಳಿದಿದೆ. ಈಗ ಅಂಗಡಿಯಲ್ಲಿ ಸಿಗುವ ಜೆಲ್‌ಗಳ ಮೈಕಟ್ಟೇ ಈ ಗೊಂಪಿನದು: ನೀರನ್ನು ಹಿಡಿದಿಟ್ಟುಕೊಂಡು ಜಾರುವ ಲೋಳೆ. ನಮ್ಮ ಹಿರಿಯ ಹೆಂಗಸರ ಈ ಅರಿವನ್ನು ಶೃಂಗಾರ ಸಾಮಗ್ರಿಗಳ ಇತಿಹಾಸ ಬರೆದವರು ಗಣನೆಗೆ ತೆಗೆದುಕೊಂಡದ್ದು ತೀರ ಕಡಿಮೆ.

ಕೊಬ್ಬು ಮತ್ತು ಕ್ಷಾರ ಸೇರಿಸಿ ಮಾಡುವ ಸಾಬೂನು ಮೆಸೊಪೊಟೇಮಿಯ, ಸಿರಿಯದ ಅಲೆಪ್ಪೊ, ಫ್ರಾನ್ಸಿನ ಮಾರ್ಸೇಲ್ಸ್‌ಗಳ ಹಳೆಯ ಕಸುಬು. ಅದು ಕಾರ್ಖಾನೆಯ ಸರಕಾದದ್ದು 1791ರಲ್ಲಿ ನಿಕೊಲಾ ಲಬ್ಲಾಂಕ್ ಉಪ್ಪಿನಿಂದ ಸೋಡಾ ತೆಗೆಯುವ ವಿಧಾನ ಕಂಡುಹಿಡಿದ ಮೇಲೆ. 1823ರಲ್ಲಿ ಮಿಶೆಲ್ ಷೆವ್ರಲ್ ಕೊಬ್ಬಿನ ರಚನೆಯನ್ನು ಬಿಡಿಸಿ ತೋರಿಸಿದಾಗ ಕಡಾಯಿಯೊಳಗೆ ನಡೆಯುವುದೇನೆಂದು ತಿಳಿಯಿತು. ಭಾರತಕ್ಕೆ 1888ರಲ್ಲಿ ಇಂಗ್ಲೆಂಡಿನ ಲೀವರ್ ಸಹೋದರರ ಸನ್‌ಲೈಟ್ ಸಾಬೂನು ಕಲ್ಕತ್ತದ ಬಂದರಿನಲ್ಲಿ ಬಂದಿಳಿಯಿತು. ಮುಂದಿನ ಮೂವತ್ತು ವರ್ಷ ಈ ದೇಶದ ಸಾಬೂನು ಎಂದರೆ ಬಹುಮಟ್ಟಿಗೆ ಹಡಗಿನಲ್ಲಿ ಬಂದದ್ದೇ.

ಗಂಧದ ಎಣ್ಣೆ

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ಹೊಲದಲ್ಲಿ ಬೆಳೆದರೂ ಅದರ ಮೇಲಿನ ಹಕ್ಕು ಸರ್ಕಾರದ್ದು ಎಂಬ ಆ ನಿಯಮವನ್ನು ಮುಂದೆ ಒಡೆಯರ ಆಡಳಿತವೂ ಉಳಿಸಿಕೊಂಡಿತು. ಕಡಿದ ಮರ ಸರ್ಕಾರದ ಗಂಧದ ಕೋಠಿಗಳಿಗೆ ಬಂದು ಸೇರುತ್ತಿತ್ತು. ಹಾಸನದಲ್ಲಿ ಗಂಧದ ಕೋಠಿ ಎಂಬ ಸ್ಥಳನಾಮ ಇಂದಿಗೂ ಬಳಕೆಯಲ್ಲಿದೆ. ಕೋಠಿಗಳಲ್ಲಿ ಹರಾಜಾದ ಕೊರಡುಗಳು ಬಹುಪಾಲು ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವ ವಿದ್ಯೆಯೂ ಅದರ ಲಾಭವೂ ಅಲ್ಲಿನವರದಾಗಿತ್ತು. ಆ ಎಣ್ಣೆಗೆ ಸುಗಂಧ ತಯಾರಕರಷ್ಟೇ ಅಲ್ಲ, ಔಷಧ ತಯಾರಕರೂ ಗಿರಾಕಿಗಳಾಗಿದ್ದರು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ಕೂಡಲೇ ಜರ್ಮನಿಯ ದಾರಿ ಮುಚ್ಚಿತು. ಕೋಠಿಗಳಲ್ಲಿ ಮರ ರಾಶಿ ಬಿತ್ತು, ಸಂಸ್ಥಾನದ ವರಮಾನಕ್ಕೆ ಏಟು ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಎಂ. ವಿಶ್ವೇಶ್ವರಯ್ಯ ದಿವಾನರು, ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕಾ ಇಲಾಖೆಯ ನಿರ್ದೇಶಕರು. ಎಣ್ಣೆಯನ್ನು ಇಲ್ಲೇ ತೆಗೆಯಬಹುದೇ ಎಂಬ ಪ್ರಶ್ನೆಯನ್ನು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಿಟ್ಟರು. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಜೆ.ಜೆ. ಸಡ್‌ಬರೊ ಮತ್ತು ಎಚ್.ಇ. ವಾಟ್ಸನ್ ಪ್ರಯೋಗಗಳನ್ನು ನಡೆಸಿ ಆಗಬಹುದು ಎಂದು ತೋರಿಸಿಕೊಟ್ಟರು. 1916ರಲ್ಲಿ ಸರ್ಕಾರಿ ಗಂಧದೆಣ್ಣೆ ತಯಾರಿಕೆ ಆರಂಭವಾಯಿತು. ಮೈಸೂರಿನ ಕಾರ್ಖಾನೆ ಅದರ ಮುಖ್ಯ ನೆಲೆಯಾಯಿತು. ವಿಜ್ಞಾನ ಸಂಸ್ಥೆ ಪಾಠ ಆರಂಭಿಸಿ ಆಗ ಐದಾರು ವರ್ಷವಷ್ಟೇ ಆಗಿತ್ತು. ಪ್ರಯೋಗಾಲಯದ ಕೆಲಸ ಇಷ್ಟು ಬೇಗ ಕಾರ್ಖಾನೆಯಾಗಿ ನಿಂತ ಉದಾಹರಣೆ ನಮ್ಮ ದೇಶದಲ್ಲಿ ವಿರಳ.

ಗಂಧದ ಮರದ ಹೊರಗಿನ ಬಿಳಿಯ ಭಾಗದಲ್ಲಿ ಪರಿಮಳವಿಲ್ಲ. ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗನ್ನು ಚಕ್ಕೆ ಮಾಡಿ, ಪುಡಿ ಮಾಡಿ, ಬಟ್ಟಿಪಾತ್ರೆಗೆ ತುಂಬಿ ಹಬೆ ಹಾಯಿಸುತ್ತಾರೆ. ಮಲ್ಲಿಗೆ, ನಿಂಬೆಗಳ ಸುಗಂಧದಂತೆ ಇದು ಬೇಗ ಹಾರುವ ಎಣ್ಣೆಯಲ್ಲ. ಹಬೆಯ ಜೊತೆ ಏಳಲು ಬಹಳ ಹೊತ್ತು ಹಿಡಿಯುತ್ತದೆ. ಒಂದು ಬಟ್ಟಿ ಮುಗಿಯಲು ದಿನಗಳೇ ಬೇಕು, ಆತುರಪಟ್ಟರೆ ಎಣ್ಣೆ ಕೆಡುತ್ತದೆ. 100 ಕಿಲೊ ಒಳ್ಳೆಯ ಚೇಗಿನಿಂದ ಸಿಗುವುದು ಸುಮಾರು 4ರಿಂದ 6 ಕಿಲೊ ಎಣ್ಣೆ. ಅದರ ಗುಣವನ್ನು ನಿರ್ಧರಿಸುವುದು ಸ್ಯಾಂಟಲಾಲ್ ಎಂಬ ಅಂಶ. ಕನಿಷ್ಠ ಶೇಕಡ 90 ಸ್ಯಾಂಟಲಾಲ್ ಇರಬೇಕೆಂಬ ಅಳತೆಗೆ ಮೈಸೂರಿನ ಎಣ್ಣೆ ಸಲೀಸಾಗಿ ನಿಂತಿತು. ಎಣ್ಣೆ ತೆಗೆದು ಉಳಿದ ಪುಡಿಯೂ ವ್ಯರ್ಥವಲ್ಲ, ಅದು ಊದುಬತ್ತಿಗೆ ಹೋಗುತ್ತದೆ. ಬೇಡಿಕೆ ಬೆಳೆದಂತೆ 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ ಬಂತು.

ಗರಳಪುರಿ ಶಾಸ್ತ್ರಿಯವರ ಕೆಲಸ

ಎಣ್ಣೆ ಕೈಗೆ ಬಂದ ಮೇಲೆ ಅದರಿಂದ ಸಾಬೂನು ಮಾಡುವ ಯೋಚನೆ ಹೇಗೆ ಬಂತೆಂಬುದಕ್ಕೆ ಒಂದು ಕತೆ ಪ್ರಚಲಿತವಾಗಿದೆ. ಅರಮನೆಗೆ ಬಂದ ವಿದೇಶಿ ಅತಿಥಿಯೊಬ್ಬರು ಮಹಾರಾಜರಿಗೆ ಸಾಬೂನುಗಳ ಒಂದು ಪೆಟ್ಟಿಗೆ ಕೊಟ್ಟರಂತೆ. ಅವು ಭಾರತದ ಗಂಧದೆಣ್ಣೆಯಿಂದಲೇ ತಯಾರಾದವು. ನಮ್ಮ ಎಣ್ಣೆಯನ್ನು ಅವರು ಸಾಬೂನು ಮಾಡಿ ನಮಗೇ ತಂದುಕೊಡುವುದಾದರೆ ನಾವೇ ಏಕೆ ಮಾಡಬಾರದು ಎಂದು ಮಹಾರಾಜರು ಕೇಳಿದರಂತೆ. ಕತೆ ಹೇಗೇ ಇರಲಿ, ಕೆಲಸವನ್ನು ಮಾಡಿ ಮುಗಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿ. ಸರ್ಕಾರ ಅವರನ್ನು ಸಾಬೂನು ತಯಾರಿಕೆಯ ತರಬೇತಿಗಾಗಿ ಇಂಗ್ಲೆಂಡಿಗೆ ಕಳಿಸಿತು. ಮರಳಿ ಬಂದ ಅವರು ಬೆಂಗಳೂರಿನ ಕೆ.ಆರ್. ವೃತ್ತದ ಬಳಿ 1918ರಲ್ಲಿ ಆರಂಭವಾದ ಸರ್ಕಾರಿ ಸಾಬೂನು ಕಾರ್ಖಾನೆಯಲ್ಲಿ ಗಂಧದ ಸಾಬೂನಿನ ಹದವನ್ನು ಕಂಡುಕೊಂಡರು. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು.

ಅವರು ಮಾಡಿದ್ದು ಏಕೆ ದೊಡ್ಡದು ಎಂದು ತಿಳಿಯಲು ಸಾಬೂನಿನ ಸ್ವಭಾವ ಗೊತ್ತಿರಬೇಕು. ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾ ಜೊತೆ ಕುದಿಸಿದರೆ ಸಾಬೂನೂ ಗ್ಲಿಸರಿನ್ನೂ ಹುಟ್ಟುತ್ತವೆ. ಹೀಗೆ ಬಂದ ಸಾಬೂನು ಕ್ಷಾರಗುಣದ್ದು. ಪರಿಮಳಕ್ಕೆ ಕ್ಷಾರ ಶತ್ರು. ಎಷ್ಟೋ ಹೂಗಳ, ಹಣ್ಣುಗಳ ಸುಗಂಧ ಎಸ್ಟರ್ ಎಂಬ ಸಂಯುಕ್ತಗಳಿಂದ ಬರುವಂಥದ್ದು; ಕ್ಷಾರ ಅವನ್ನು ನಿಧಾನವಾಗಿ ಒಡೆದುಹಾಕುತ್ತದೆ. ಕಾರ್ಖಾನೆಯಿಂದ ಹೊರಟಾಗ ಘಮಘಮಿಸುತ್ತಿದ್ದ ಬಿಲ್ಲೆ ಅಂಗಡಿಯಲ್ಲಿ ಕೆಲವು ತಿಂಗಳು ಕುಳಿತರೆ ಮಂಕಾಗುತ್ತದೆ, ಕೆಲವೊಮ್ಮೆ ಬಣ್ಣವನ್ನೂ ಕೆಡಿಸಿಕೊಳ್ಳುತ್ತದೆ. ಸ್ಯಾಂಟಲಾಲ್ ಆಲ್ಕೊಹಾಲ್ ಜಾತಿಯದು, ಕ್ಷಾರಕ್ಕೆ ಜಗ್ಗುವುದಿಲ್ಲ. ಭಾರವಾದ್ದರಿಂದ ಬೇಗ ಹಾರುವುದೂ ಇಲ್ಲ. ತನ್ನ ಜೊತೆಗಿರುವ ಹಗುರ ಪರಿಮಳಗಳನ್ನೂ ಅದು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಗಂಧದೆಣ್ಣೆ ಸಾಬೂನಿಗೆ ಹೇಳಿ ಮಾಡಿಸಿದ ಸುಗಂಧ. ಅದರೊಡನೆ ಪಚೋಲಿ, ಲಾವಂಚ, ಜೆರೇನಿಯಂ, ಕಿತ್ತಳೆಯಂಥ ಎಣ್ಣೆಗಳನ್ನು ಅಳತೆಯಲ್ಲಿ ಕೂಡಿಸಿದ ಮಿಶ್ರಣವೇ ಮೈಸೂರು ಸ್ಯಾಂಡಲ್ ಸೋಪಿನ ಪರಿಮಳ. ಈ ಸಾಬೂನನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆದದ್ದು ಪರಿಮಳದ ಈ ತಾಳಿಕೆಯಿಂದಲೇ.

ರೂಪ ಮತ್ತು ಪ್ರಚಾರ

ಆ ಕಾಲದ ಸಾಬೂನುಗಳು ಹೆಚ್ಚಾಗಿ ಆಯತಾಕಾರದ ತುಂಡುಗಳು. ಮೈಸೂರಿನವರು ಅಂಗೈಯಲ್ಲಿ ಕೂರುವ ಅಂಡಾಕಾರದ ಬಿಲ್ಲೆಯನ್ನು ಆರಿಸಿಕೊಂಡು, ಅದನ್ನು ಒಡವೆಯ ಪೆಟ್ಟಿಗೆಯಂತೆ ಕಾಣುವ ರಟ್ಟಿನ ಡಬ್ಬಿಯಲ್ಲಿಟ್ಟರು. ಲಾಂಛನಕ್ಕೆ ಆನೆಯ ತಲೆ, ಸಿಂಹದ ಮೈಯುಳ್ಳ ಶರಭವನ್ನು ಆರಿಸಿದರು. ಪ್ರಚಾರದಲ್ಲೂ ಸಂಸ್ಥಾನ ಸಂಕೋಚಪಡಲಿಲ್ಲ. ಟ್ರಾಮ್ ಟಿಕೆಟ್ಟುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಸಾಬೂನಿನ ಚಿತ್ರ ಬಂತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ನಡೆಯಿತು. ಒಂದು ಸರ್ಕಾರಿ ಇಲಾಖೆ ತನ್ನ ಸರಕನ್ನು ಇಷ್ಟು ಶ್ರದ್ಧೆಯಿಂದ ಜನರ ಮುಂದೆ ಹಿಡಿದದ್ದು ಇಂದಿನವರೂ ಗಮನಿಸಬೇಕಾದ ಸಂಗತಿ. ಅದೇ ವರ್ಷಗಳಲ್ಲಿ ಬೇರೆಡೆಯೂ ಸ್ವದೇಶಿ ಸಾಬೂನು ತಲೆಯೆತ್ತುತ್ತಿತ್ತು. ಮುಂಬಯಿಯಲ್ಲಿ ಗೋದ್ರೆಜ್ ಪ್ರಾಣಿಗಳ ಕೊಬ್ಬಿಲ್ಲದ, ಸಸ್ಯಜನ್ಯ ಎಣ್ಣೆಯ ಸಾಬೂನು ತಂದಿತು. ಟಾಟಾ ಆಯಿಲ್ ಮಿಲ್ಸ್ ಕೂಡ ಆಗಲೇ ಹುಟ್ಟಿದ್ದು.

1957ರಲ್ಲಿ ಕಾರ್ಖಾನೆ ಕೆ.ಆರ್. ವೃತ್ತದಿಂದ ರಾಜಾಜಿನಗರ–ಯಶವಂತಪುರದ ಈಗಿನ ಜಾಗಕ್ಕೆ ಬಂತು. ಕಡಾಯಿಯ ಕಾಲ ಮುಗಿದು ಯಂತ್ರಗಳ ಸಾಲು ಬಂದರೂ ಕ್ರಮ ಹಳೆಯದೇ. ಒಣಗಿದ ಸಾಬೂನಿನ ಎಳೆಗಳಿಗೆ ಪರಿಮಳ, ಬಣ್ಣ ಬೆರೆಸುತ್ತಾರೆ. ಉರುಳೆಗಳ ನಡುವೆ ಅರೆಯುತ್ತಾರೆ. ಒತ್ತಿ ಉದ್ದನೆಯ ದಿಂಡು ಮಾಡಿ, ಕತ್ತರಿಸಿ, ಅಚ್ಚು ಹಾಕುತ್ತಾರೆ. ಭಾರತೀಯ ಮಾನಕದ ಪ್ರಕಾರ ಶೇಕಡ 76 ಅಥವಾ ಹೆಚ್ಚು ಒಟ್ಟು ಕೊಬ್ಬಿನಂಶ ಇರುವ ಸ್ನಾನದ ಸಾಬೂನು ಮೊದಲ ದರ್ಜೆಯದು. ಮೈಸೂರು ಸ್ಯಾಂಡಲ್ ಸೋಪು ಈ ದರ್ಜೆಗೆ ಸೇರಿದೆ. ‘ಬಾತಿಂಗ್ ಬಾರ್’ ಎಂದು ಸಣ್ಣಕ್ಷರದಲ್ಲಿ ಬರೆದಿರುವ ಎಷ್ಟೋ ಬಿಲ್ಲೆಗಳು ಸ್ನಾನದ ಸಾಬೂನಿನ ದರ್ಜೆಗೇ ಬರುವುದಿಲ್ಲ ಎಂಬುದನ್ನು ಕೊಳ್ಳುವವರು ಹೊದಿಕೆಯ ಹಿಂಬದಿ ಓದಿ ತಿಳಿಯಬಹುದು.

ನಿಗಮದ ಕಾಲ

1980ರಲ್ಲಿ ಬೆಂಗಳೂರಿನ ಸಾಬೂನು ಕಾರ್ಖಾನೆ, ಮೈಸೂರು ಮತ್ತು ಶಿವಮೊಗ್ಗದ ಎಣ್ಣೆ ಕಾರ್ಖಾನೆಗಳು ಒಂದಾಗಿ ಕೆಎಸ್‌ಡಿಎಲ್ ಆಯಿತು. 1990ರ ದಶಕ ಕಷ್ಟದ್ದು. ಮಾರುಕಟ್ಟೆ ತೆರೆದುಕೊಂಡಿತು, ಬಹುರಾಷ್ಟ್ರೀಯ ಕಂಪನಿಗಳ ಜಾಹೀರಾತು ಮನೆಮನೆಯ ಟಿ.ವಿ. ಸೇರಿತು, ನಷ್ಟಕ್ಕೆ ಸಿಲುಕಿದ ಸಂಸ್ಥೆಯ ಕಡತ ರೋಗಗ್ರಸ್ತ ಕೈಗಾರಿಕೆಗಳ ಪುನಶ್ಚೇತನ ಮಂಡಳಿಯ ಮುಂದೆ ಹೋಯಿತು. 2003ರ ಹೊತ್ತಿಗೆ ಹಿಂದಿನ ನಷ್ಟ ತೀರಿಸಿ ಅದು ಎದ್ದು ನಿಂತಿತು. 2006ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದೇ ವರ್ಷ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಅದರ ಮೊದಲ ರಾಯಭಾರಿಯಾದರು. 2012ರಲ್ಲಿ ₹720 ಬೆಲೆಯ ‘ಮಿಲೆನಿಯಂ’ ಸಾಬೂನು ಬಂತು. 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ₹6.2 ಕೋಟಿಗೆ ರಾಯಭಾರಿಯಾಗಿ ನೇಮಿಸಿದಾಗ ಕನ್ನಡದ ಕಲಾವಿದರಿಗೆ ಆ ಸ್ಥಾನ ಏಕಿಲ್ಲ ಎಂಬ ಪ್ರಶ್ನೆ ಗಟ್ಟಿಯಾಗಿ ಎದ್ದಿತು. ಮಾರಾಟದ ದೃಷ್ಟಿಯಿಂದ ಮಾತ್ರ ಸಂಸ್ಥೆ ಏರುಮುಖದಲ್ಲಿದೆ: 2024–25ರಲ್ಲಿ ವಹಿವಾಟು ₹1,700 ಕೋಟಿ ದಾಟಿತು. ಹೆಸರು ಗಳಿಸಿದ ಸರಕಿಗೆ ನಕಲಿಯ ಕಾಟವೂ ತಪ್ಪಲಿಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಸಾಬೂನಿನ ತಯಾರಿಕಾ ಘಟಕವೊಂದು ಪತ್ತೆಯಾಯಿತು.

ಬಿಲ್ಲೆಯಿಂದ ದ್ರವಕ್ಕೆ, ಜೆಲ್‌ಗೆ ಸ್ನಾನದ ಅಭ್ಯಾಸ ಸರಿಯುತ್ತಿರುವುದು ಈ ಕಾಲದ ದೊಡ್ಡ ಬದಲಾವಣೆ. ಶವರ್ ಜೆಲ್ ರಾಸಾಯನಿಕವಾಗಿ ಸಾಬೂನಲ್ಲ. ಅದರಲ್ಲಿ ತೊಳೆಯುವುದು ಸಂಶ್ಲೇಷಿತ ಮಾರ್ಜಕಗಳು. ಅವಕ್ಕೆ ಸ್ವಲ್ಪ ಉಪ್ಪನ್ನೋ ಕಾರ್ಬೊಮರ್‌ನಂಥ ಪಾಲಿಮರನ್ನೋ ಬೆರೆಸಿ ಲೋಳೆಯಾಗಿಸುತ್ತಾರೆ. ಸಾಬೂನಿನ ಪಿಎಚ್ 9ರಿಂದ 10ರ ಆಸುಪಾಸಿನಲ್ಲಿದ್ದರೆ ಜೆಲ್ ಅನ್ನು ಚರ್ಮದ ಸಹಜ ಆಮ್ಲತೆಗೆ ಹತ್ತಿರ, ಅಂದರೆ 5.5ರ ಸುತ್ತ, ಹೊಂದಿಸಬಹುದು. ಒಣಚರ್ಮದವರಿಗೆ ಅದು ಅನುಕೂಲ. ಆದರೆ ಜೆಲ್‌ನ ಬಹುಭಾಗ ನೀರು, ಅದಕ್ಕೆ ಪ್ಲಾಸ್ಟಿಕ್ ಸೀಸೆ ಬೇಕು, ನೀರಿರುವುದರಿಂದ ಕೆಡದಂತೆ ಸಂರಕ್ಷಕಗಳೂ ಬೇಕು. ಕಾಗದದ ಡಬ್ಬಿಯ ಬಿಲ್ಲೆಗೆ ಇವಾವುವೂ ಬೇಕಿಲ್ಲ. ಕೆಎಸ್‌ಡಿಎಲ್ ಕೈತೊಳೆಯುವ ದ್ರವಗಳನ್ನು ಮೊದಲೇ ತಂದಿತ್ತು, 2024ರಲ್ಲಿ ಶವರ್ ಜೆಲ್‌ಗಳನ್ನೂ ಬಿಡುಗಡೆ ಮಾಡಿತು.

ಮರದ ಕೊರತೆ

ಈ ಉದ್ಯಮಕ್ಕೆ ಇಂದು ಇರುವ ನಿಜವಾದ ತೊಡಕು ಮಾರುಕಟ್ಟೆಯದಲ್ಲ, ಮರದ್ದು. ಶ್ರೀಗಂಧ ಅರೆಪರಾವಲಂಬಿ ಗಿಡ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕಚ್ಚಿಸಿ ಪೋಷಣೆ ಪಡೆಯುತ್ತದೆ. ಚೇಗು ಕಟ್ಟಲು ಹದಿನೈದು, ಇಪ್ಪತ್ತು ವರ್ಷ ಕಾಯಬೇಕು. ಕಡ್ಡಿರೋಗ, ಕಾಡಿನ ಬೆಂಕಿ, ಎಲ್ಲಕ್ಕಿಂತ ಹೆಚ್ಚಾಗಿ ಕಳ್ಳಸಾಗಣೆ ಅದನ್ನು ನಮ್ಮ ಕಾಡುಗಳಿಂದ ಬಹುಮಟ್ಟಿಗೆ ಅಳಿಸಿಹಾಕಿದವು. ಟಿಪ್ಪುವಿನ ಕಾಲದ ನಿಯಮದ ಪಾಲೂ ಇದರಲ್ಲಿದೆ. ತನ್ನ ಹೊಲದಲ್ಲಿ ಬೆಳೆದರೂ ತನ್ನದಾಗದ, ಕಳುವಾದರೆ ತನ್ನ ತಲೆಗೇ ಬರುವ ಮರವನ್ನು ರೈತ ಸಸಿಯಲ್ಲೇ ಕಿತ್ತೆಸೆಯುತ್ತಿದ್ದ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಜಮೀನಿನ ಒಡೆಯನೇ ಮರದ ಒಡೆಯನೂ ಆದ. ಮೈಸೂರಿನ ಹೆಸರು ಹೊತ್ತ ಸಾಬೂನಿಗೆ ಕೇರಳದ ಮರಯೂರಿನ ಹರಾಜಿನಲ್ಲಿ ಗಂಧ ಕೊಳ್ಳುವ ಸ್ಥಿತಿಯೂ ಬಂತು. ಆಸ್ಟ್ರೇಲಿಯದಲ್ಲಿ ನಮ್ಮದೇ ತಳಿಯ ಗಂಧ ಸಾವಿರಾರು ಎಕರೆಯಲ್ಲಿ ತೋಟದ ಬೆಳೆಯಾಗಿ ನಿಂತಿದೆ.

ಕೆಎಸ್‌ಡಿಎಲ್ ರೈತರಿಗೆ ಸಸಿ ಕೊಟ್ಟು, ಬೆಳೆದ ಮರವನ್ನು ತಾನೇ ಕೊಳ್ಳುವ ಯೋಜನೆ ನಡೆಸುತ್ತಿದೆ. ಆದರೆ ಮರ ಬಲಿತ ಮೇಲೆ ಕಾವಲಿನ ಖರ್ಚೂ ಕಳ್ಳರ ಭಯವೂ ರೈತನ ಮೇಲೇ ಬೀಳುತ್ತವೆ. ಆ ಹೊರೆಯಲ್ಲಿ ಸರ್ಕಾರ ಪಾಲು ಹೊರಬೇಕು, ಕಡಿಯುವ ಮತ್ತು ಸಾಗಿಸುವ ಅನುಮತಿಯನ್ನು ಸರಳ ಮಾಡಬೇಕು. 1916ರಲ್ಲಿ ಎಣ್ಣೆಯ ವಿಷಯದಲ್ಲಿ ಸಂಸ್ಥಾನ ತೋರಿದ ಚುರುಕನ್ನು ರಾಜ್ಯ ಇಂದು ಮರದ ವಿಷಯದಲ್ಲಿ ತೋರಿಸಬೇಕಾಗಿದೆ.