ಹುನ್ನೂರದ ಒಂದು ಪಡಸಾಲೆ

ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸಿದ ಗೆಳೆಯರೊಬ್ಬರು ಈಚೆಗೆ ನನ್ನನ್ನು ಊಟಕ್ಕೆ ಕರೆದಿದ್ದರು. ಮನೆ ಅಚ್ಚುಕಟ್ಟಾಗಿದೆ. ಹಜಾರದಲ್ಲಿ ಎರಡು ಹಳೆಯ ಸಾಗುವಾನಿ ಕಂಬಗಳು ನಿಂತಿವೆ. ಬುಡದಲ್ಲಿ ಕಲ್ಲಿನ ಪೀಠ, ನೆತ್ತಿಯಲ್ಲಿ ಬಾಳೆಹೂವಿನ ಕೆತ್ತನೆಯ ಬೋದಿಗೆ. “ಇವು ನಿಮ್ಮ ಬಾಗಲಕೋಟೆ ಕಡೆಯವೇ. ಇದು ಎಂದೂ ಹಳತಾಗದ ಶೈಲಿ ನೋಡಿ” ಎಂದು ಅವರು ಅಭಿಮಾನದಿಂದ ಹೇಳಿದರು. ನಾನು ಕತ್ತೆತ್ತಿ ನೋಡಿದೆ. ಬೋದಿಗೆಗೂ ಮೇಲಿನ ಕಾಂಕ್ರೀಟಿಗೂ ನಡುವೆ ನಾಲ್ಕು ಬೆರಳಿನಷ್ಟು ಅಂತರವಿದ್ದಿತು. ಆ ಕಂಬಗಳು ಯಾವ ಭಾರವನ್ನೂ ಹೊತ್ತಿರಲಿಲ್ಲ. ಊಟ ಮಾಡುವಷ್ಟು ಹೊತ್ತೂ ನನ್ನ ಕಣ್ಣು ಆ ನಾಲ್ಕು ಬೆರಳಿನ ಸಂದಿನ ಮೇಲೆಯೇ ಇದ್ದಿತು.

ಅಂಥ ಕಂಬಗಳು ಭಾರ ಹೊತ್ತು ನಿಂತಿದ್ದ ಒಂದು ಮನೆಯನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅದು ಜಮಖಂಡಿಯ ನೆರೆಯ ಊರಾದ ಹುನ್ನೂರದಲ್ಲಿದ್ದಿತು. ಅಲ್ಲಿಯ ಹಿರಿಯರೊಬ್ಬರು ನಮಗೆ ದೂರದಿಂದ ಬಂಧುಗಳು. ತಲೆಬಾಗಿಲು ದೊಡ್ಡದಾದರೂ ಅದರಲ್ಲಿ ತೆರೆಯುತ್ತಿದ್ದ ದಿಡ್ಡಿ ಬಾಗಿಲು ಚಿಕ್ಕದು. ತಲೆ ತಗ್ಗಿಸದೆ ಒಳಗೆ ಕಾಲಿಡುವಂತಿರಲಿಲ್ಲ. ಒಳಗೆ ಬಂದೊಡನೆ ಎದುರಾಗುತ್ತಿದ್ದುದು ಮನುಷ್ಯರಲ್ಲ, ಎತ್ತುಗಳು. ಒಂದು ಬದಿಗೆ ಗೋದಲಿ, ಅದರ ಮುಂದೆ ಜೋಡೆತ್ತು, ಮೂಲೆಯಲ್ಲಿ ಕಣಿಕೆಯ ವಾಸನೆ. ಆ ನೆಲದಿಂದ ಎರಡು ಮೂರು ಅಡಿ ಮೇಲೆ, ಕಲ್ಲಿನ ಮೆಟ್ಟಿಲು ಹತ್ತಿದರೆ, ಪಡಸಾಲೆ. ಮನೆಯವರು ಕುಳಿತುಕೊಳ್ಳುವ, ಬಂದವರನ್ನು ಬರಮಾಡಿಕೊಳ್ಳುವ, ಲೆಕ್ಕ ಬರೆಯುವ, ಜೋಳ ಅಳೆಯುವ, ಲಗ್ನದ ಮಾತು ಮುಗಿಸುವ, ಬೇಸಗೆಯ ಮಧ್ಯಾಹ್ನ ಮಲಗುವ ಜಾಗ ಅದು. ಇಂದು ನಾವು ಇಂಗ್ಲಿಷಿನಲ್ಲಿ ಡ್ರಾಯಿಂಗ್ ರೂಮು, ಲಿವಿಂಗ್ ರೂಮು ಎಂದು ಕರೆಯುವುದೆಲ್ಲವೂ ಅದರಲ್ಲಿ ಅಡಗಿದ್ದಿತು. ಅಷ್ಟೇ ಏಕೆ, ಕಚೇರಿಯೂ ಕಣಜವೂ ಅಡಗಿದ್ದುವು.

ಆ ಪಡಸಾಲೆಯಲ್ಲಿ ಸಾಮಾನು ಬಹಳ ಇರಲಿಲ್ಲ. ಆದರೂ ಅದು ಬರಿದೆನಿಸುತ್ತಿರಲಿಲ್ಲ. ಏಕೆಂಬುದನ್ನು ಈಗ ಯೋಚಿಸಿದರೆ, ಅಲಂಕಾರವೆಲ್ಲ ಗೋಡೆಯ ದಪ್ಪದಿಂದಲೇ ಹುಟ್ಟಿದ್ದಿತು ಎಂದು ತೋರುತ್ತದೆ. ಕಲ್ಲು ಮಣ್ಣಿನ ಗೋಡೆ ಎರಡು ಅಡಿಗೆ ಕಡಿಮೆ ಇಲ್ಲ. ಅಷ್ಟು ದಪ್ಪವಾದ ಗೋಡೆಗೆ ಕಪಾಟು ಬೇಕಾಗಿಲ್ಲ. ಗೋಡೆಯನ್ನೇ ಕೊರೆದಂತೆ ಮಾಡಗಳನ್ನು ಬಿಟ್ಟಿರುತ್ತಾರೆ. ಅವಕ್ಕೆ ಪುಟ್ಟ ಕಮಾನು. ಒಂದರಲ್ಲಿ ದೀಪ, ಒಂದರಲ್ಲಿ ಎಲೆಯಡಿಕೆಯ ತಟ್ಟೆ ಮತ್ತು ಅಡಕೊತ್ತು, ಇನ್ನೊಂದರಲ್ಲಿ ಪಂಚಾಂಗ ಮತ್ತು ಹಿರಿಯರ ಚಾಳೀಸು. ದೀಪದ ಮಾಡದ ನೆತ್ತಿ ಮಸಿ ಹಿಡಿದು ಕಪ್ಪಾಗಿರುತ್ತಿದ್ದಿತು. ವರುಷಕ್ಕೊಮ್ಮೆ ಸುಣ್ಣ ಬಳಿಯುವಾಗಲೂ ಆ ಕಪ್ಪು ಪೂರ್ತಿಯಾಗಿ ಮಾಯವಾಗುತ್ತಿರಲಿಲ್ಲ. ಮಾಡಗಳ ಮೇಲೆ ಉದ್ದಕ್ಕೂ ಹಾದುಹೋಗುವ ನಾಗಂದಿಗೆ. ಅದರ ಮೇಲೆ ತಿಕ್ಕಿ ಬೆಳಗಿದ ತಾಮ್ರ ಹಿತ್ತಾಳೆಯ ಪಾತ್ರೆಗಳ ಸಾಲು. ಗಿಳಿಗೂಟಕ್ಕೆ ತೂಗುಹಾಕಿದ ರುಮಾಲು. ಗೋಡೆಯ ಮೇಲ್ಭಾಗ ಬಿಳಿಯ ಸುಣ್ಣ, ಕೆಳಗೆ ಮೊಳದೆತ್ತರ ಹುರಮಂಜಿನ ಕೆಂಪು ಪಟ್ಟಿ. ಕುಳಿತವರ ಬೆನ್ನು ತಾಗಿ ಬಿಳಿ ಗೋಡೆ ಕೊಳೆಯಾಗಬಾರದು. ಪಟ್ಟಿಯ ಹುಟ್ಟು ಆ ಎಚ್ಚರದಲ್ಲಿಯೇ. ನೋಡಲು ಅದು ಸುಂದರವೂ ಆಯಿತು.

ಬೆಳಕಿನ ಮಾತನ್ನು ಬಿಟ್ಟರೆ ಈ ವರ್ಣನೆ ಕುರುಡಾದೀತು. ಕಿಟಕಿಗಳು ಕಡಿಮೆ. ಸುಡುವ ಬಿಸಿಲಿನ ನಾಡಿನಲ್ಲಿ ಕಿಟಕಿಯೆಂದರೆ ಶತ್ರುವಿಗೆ ತೆರೆದ ಬಾಗಿಲು. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಒತ್ತಾಗಿ ಜೋಡಿಸಿದ ಹಲಗೆ ಅಥವಾ ಕಟ್ಟಿಗೆಯ ಸೀಳು, ಅದರ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು: ಇದು ಮಾಳಿಗೆ. ಈ ಮಣ್ಣಿನ ಪದರದ ನಡುವೆ ಅಲ್ಲಲ್ಲಿ ಬೆಳಕಿಂಡಿ. ಅದರಿಂದ ಇಳಿಯುವ ಬಿಸಿಲಿನ ಕೋಲು ಬೆಳಿಗ್ಗೆ ಪಡುವಣ ಗೋಡೆಯ ಮೇಲೆ, ನಡುಹಗಲು ನೆಲದ ಮೇಲೆ, ಸಂಜೆ ಮೂಡಣ ಗೋಡೆಯ ಮೇಲೆ ಸರಿಯುತ್ತಿದ್ದಿತು. ಮನೆಯ ಮುದುಕಿ ಆ ಬಿಸಿಲಿನ ಬಿಲ್ಲೆಯನ್ನು ನೋಡಿಯೇ “ಹೊತ್ತಾತು, ಎತ್ತಿಗೆ ನೀರು ತೋರಸ್ರಿ” ಎನ್ನುತ್ತಿದ್ದಳು. ಅದೇ ಗೋಡೆಯ ಮೇಲೆ ಒಂದು ಗಡಿಯಾರವೂ ಇದ್ದಿತು. ಅದನ್ನು ಆಕೆ ನೋಡಿದ್ದನ್ನು ನಾನು ಕಾಣಲಿಲ್ಲ.

ಹಾಸಿಗೆಯ ವಿಷಯ. ದಿನನಿತ್ಯಕ್ಕೆ ಕಂಬಳಿ, ಮಕ್ಕಳಿಗೆ ಕೌದಿ, ಅತಿಥಿ ಬಂದರೆ ಜಮಖಾನ. ಜಮಖಾನವೆಂದೊಡನೆ ಜಮಖಂಡಿಯ ನೆನಪಾಗುವುದು ಸಹಜ. ಆದರೆ ಆ ಊರಿನ ಹೆಸರಿಗೆ ಅಲ್ಲಿಯ ಜನ ಹೇಳುವ ಮೂಲ ಜಂಬುಕೇಶ್ವರನದು, ಹಾಸಿಗೆಯದಲ್ಲ. ಜಮಖಾನದ ತವರು ಧಾರವಾಡ ಜಿಲ್ಲೆಯ ನವಲಗುಂದ. ಆದಿಲಶಾಹಿಯ ಕಾಲದಲ್ಲಿ ವಿಜಾಪುರದಿಂದ ಹೊರಟ ನೇಕಾರ ಕುಟುಂಬಗಳು ಅಲ್ಲಿ ನೆಲೆನಿಂತುವೆಂದು ಆ ಕಸುಬಿನವರು ಹೇಳುತ್ತಾರೆ. ನಿಲುವು ಮಗ್ಗದ ಮುಂದೆ ಕುಳಿತು ಅದನ್ನು ನೇಯುವವರು ಹೆಂಗಸರೇ. ನವಿಲು, ಪಗಡೆಯ ಹಾಸು, ಅಂಚಿನಲ್ಲಿ ಗೆರೆಗಳು. ಪಗಡೆಯ ಹಾಸಿನ ಮೇಲೆ ಕುಳಿತು ಆಸ್ತಿಯ ಪಾಲು ಮಾತನಾಡುವ ಅಣ್ಣತಮ್ಮಂದಿರನ್ನು ನಾನು ಕಂಡಿದ್ದೇನೆ. ಚಿತ್ರ ಹಾಕಿದ ಹೆಣ್ಣುಮಗಳು ಇದನ್ನು ಊಹಿಸಿದ್ದಳೋ ಇಲ್ಲವೋ! ಈ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಮಾನ್ಯತೆ ಬರುವ ಹೊತ್ತಿಗೆ ನೇಯುವ ಕೈಗಳು ಮಾತ್ರ ಬಹಳ ಕಡಿಮೆಯಾಗಿದ್ದುವು.

ಇನ್ನು ಗೆಳೆಯರ ಮನೆಯ ಕಂಬಗಳ ಕುಲ ಯಾವುದೆಂದು ನೋಡೋಣ. ನಮ್ಮ ಕರಿನೆಲದಲ್ಲಿ ಬೆಳೆಯುವ ಮರ ಬೇವು, ಜಾಲಿ. ಸಾಮಾನ್ಯ ರೈತನ ಪಡಸಾಲೆಯ ಕಂಬ ಅದೇ ಮರದ್ದು. ಕೆತ್ತನೆಯಿಲ್ಲದ, ತುಸು ಡೊಂಕಾದ, ಮೈ ಸವೆದು ನುಣುಪಾದ ಕಂಬ. ಸಾಗುವಾನಿ ಪಡುವಣ ಕಾಡಿನಿಂದ ಬಂಡಿಯಲ್ಲಿ ಬರಬೇಕು. ಅದನ್ನು ತರಿಸಬಲ್ಲವರು ದೇಸಾಯರು, ಗೌಡರು, ಕುಲಕರ್ಣಿಗಳು, ಸಾಹುಕಾರರು. ಜಮಖಂಡಿ ಪಟವರ್ಧನರ ಸಂಸ್ಥಾನವಾದದ್ದು 1811ರ ಪಾಲಿನಲ್ಲಿ. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿಗೆ ಸೇರಿದ್ದರೆ ಅದರ ಮಗ್ಗುಲಿನ ಬನಹಟ್ಟಿ ಜಮಖಂಡಿಗೆ ಸೇರಿದ್ದಿತು. ಹೀಗೆ ಕೃಷ್ಣೆ ಘಟಪ್ರಭೆಗಳ ನಡುವಿನ ಈ ಚೂರು ನೆಲದಲ್ಲಿ ಹಲವು ದರ್ಬಾರುಗಳು. ಪುಣೆಯ ವಾಡೆಗಳ ರೀತಿ ಈ ದರ್ಬಾರುಗಳ ಮೂಲಕ ನಮ್ಮ ಹಳ್ಳಿಗಳಿಗೆ ಇಳಿಯಿತು. ಬುಡದಲ್ಲಿ ಉಬ್ಬಿ ಮೇಲೆ ಸಪೂರವಾಗುವ ಕಂಬ ಮೊಗಲರ ಕಟ್ಟಡಗಳಿಂದ ಪೇಶವೆಗಳ ವಾಡೆಗೆ ಬಂದದ್ದು. ಬೋದಿಗೆಯ ಬಾಳೆಹೂ ವಾಡೆಯ ಬಡಿಗರದು. ಗಾದಿ, ಲೋಡು, ತಕ್ಕೆಗಳನ್ನು ಗೋಡೆಗೆ ಆನಿಸಿ ಹಾಕುವ ಬೈಠಕ್ಕು, ಝುಂಬರ, ದಿವಾನಖಾನೆ ಎಂಬ ಹೆಸರು — ಇವೆಲ್ಲ ಮರಾಠಿ ಮತ್ತು ಫಾರಸಿ ನಾಲಗೆಯನ್ನು ದಾಟಿ ಬಂದುವು. ಪಡಸಾಲೆ ಎಂಬ ಮಾತು ಮಾತ್ರ ಕನ್ನಡದ್ದಾಗಿ ಉಳಿಯಿತು.

ಅದೇ ಕಾಲದಲ್ಲಿ ಬನಹಟ್ಟಿ ರಬಕವಿಗಳ ನೇಕಾರನ ಪಡಸಾಲೆಯಲ್ಲಿ ಗಾದಿಯ ಜಾಗದಲ್ಲಿ ಕುಣಿಮಗ್ಗವಿದ್ದಿತು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಕಾರ ಕುಳಿತರೆ ಬಂದ ಅತಿಥಿಯ ಸಮಕ್ಕೆ ಅವನ ತಲೆ ಬರುತ್ತಿದ್ದಿತು. ಲಾಳಿಯ ಸದ್ದಿನ ನಡುವೆಯೇ ಯೋಗಕ್ಷೇಮದ ಮಾತು. ಆ ಪಡಸಾಲೆಗೆ ಬೇರೆ ಅಲಂಕಾರವೇಕೆ? ಮಗ್ಗದ ಮೇಲೆ ದಿನದಿನವೂ ಬಣ್ಣ ಬೆಳೆಯುತ್ತಿರುತ್ತದೆ. ವಿದ್ಯುತ್ ಮಗ್ಗ ಬಂದ ಮೇಲೆ ಆ ಕೋಣೆಯಲ್ಲಿ ಮಾತು ಕೇಳಿಸದಾಯಿತು.

ಹುನ್ನೂರದ ಗೋಡೆಗೆ ಮರಳುತ್ತೇನೆ. ಅಲ್ಲಿ ಕೊರಳು ಬಾಗಿಸಿ ನೋಡಬೇಕಾದ ಎತ್ತರದಲ್ಲಿ, ಮುಂದಕ್ಕೆ ವಾಲಿಸಿ ಕಟ್ಟಿದ ಪಟಗಳಿದ್ದುವು. ಲಕ್ಷ್ಮಿ, ಸರಸ್ವತಿ, ಮತ್ತೆ ಯಾವುದೋ ಪುರಾಣದ ದೃಶ್ಯ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಇಂಥ ಪಟಗಳು ಅಗ್ಗವಾಗಿ ಊರೂರಿಗೆ ಹಬ್ಬಿದುವು. ದೇವರು ಕೋಣೆಯಿಂದ ಪಡಸಾಲೆಗೆ ಬಂದು ಅತಿಥಿಗಳ ಎದುರಿಗೆ ನಿಂತದ್ದು ಆಗಿನಿಂದ ಎನ್ನಬಹುದು. ಪಟಗಳ ಕೆಳಗೆ ಬಾಗಿಸಿದ ಕಟ್ಟಿಗೆಯ ಒಂದು ಕುರ್ಚಿ. ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆದುಗೊಳಿಸಿ ಬಾಗಿಸುವ ಈ ಬಗೆಯ ಕುರ್ಚಿಯನ್ನು ಆಸ್ಟ್ರಿಯದ ಥೋನೆಟ್ ಕಂಪನಿ 1859ರಿಂದ ಲಕ್ಷಗಟ್ಟಲೆ ತಯಾರಿಸಿ ದೇಶ ದೇಶಗಳಿಗೆ ಕಳಿಸಿತು. ಅದರ ನಕಲುಗಳೂ ಹುಟ್ಟಿದುವು. ನಮ್ಮ ಬಂಧುಗಳದು ಅಸಲೋ ನಕಲೋ ನಾನರಿಯೆ. ಅದರಲ್ಲಿ ಮನೆಯವರು ಯಾರೂ ಕೂಡುತ್ತಿರಲಿಲ್ಲ. ಮಾಮಲೇದಾರರು ಬಂದರೆ ಕೂಡಲಿ ಎಂದು ಅದು ಕಾದಿರುತ್ತಿದ್ದಿತು.

ಎಂದೂ ಹಳತಾಗದ ಶೈಲಿ ಎಂದು ನನ್ನ ಗೆಳೆಯರು ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಆ ಪಡಸಾಲೆಯ ಒಂದೊಂದು ವಸ್ತುವೂ ಒಂದೊಂದು ಕಾಲದಲ್ಲಿ ಹೊಸತಾಗಿ, ಬಹುಶಃ ಹಿರಿಯರ ಗೊಣಗಾಟದ ನಡುವೆ, ಒಳಗೆ ಬಂದದ್ದು. ಕಂಬ ಒಂದು ತಲೆಮಾರಿನ ಬೆಡಗು, ಪಟ ಇನ್ನೊಂದರದು, ಗಡಿಯಾರ ಮಗದೊಂದರದು. ಕಾಲಾತೀತವಾದದ್ದು ಅಲ್ಲಿ ಯಾವುದೂ ಇರಲಿಲ್ಲ. ಎಲ್ಲವೂ ಒಟ್ಟಿಗೆ ಬಾಳಿ ಒಂದರ ಮೈಗೊಂದು ಒಗ್ಗಿದ್ದುವು, ಅಷ್ಟೆ.

ಒಂದು ಮಾತನ್ನು ಮರೆಮಾಚಿದರೆ ಈ ನೆನಪು ಸುಳ್ಳಾದೀತು. ಆ ಎರಡು ಮೂರು ಅಡಿಯ ಎತ್ತರ ದನಗಳಿಂದ ಮನುಷ್ಯರನ್ನು ಬೇರ್ಪಡಿಸಲು ಮಾತ್ರ ಇದ್ದದ್ದಲ್ಲ. ಯಾರು ಗಾದಿಯ ಮೇಲೆ, ಯಾರು ಜಮಖಾನದ ಅಂಚಿಗೆ, ಯಾರು ಮೆಟ್ಟಿಲ ಮೇಲೆ, ಯಾರು ಕೆಳಗೆ ಎತ್ತಿನ ಬದಿಗೆ ನಿಂತು ಮಾತಾಡಬೇಕು, ಯಾರು ದಿಡ್ಡಿ ಬಾಗಿಲನ್ನೂ ದಾಟದೆ ಹೊರಗಿನಿಂದಲೇ ಕೂಗಬೇಕು ಎಂಬುದೆಲ್ಲ ಬರೆಯದ ಶಾಸನವಾಗಿದ್ದಿತು. ವರುಷವಿಡೀ ಆ ಮನೆಯ ಹೊಲದಲ್ಲಿ ದುಡಿದವನು ಸುಗ್ಗಿಯ ಪಾಲನ್ನು ಸೆರಗೊಡ್ಡಿ ಕೆಳಗೆ ನಿಂತು ತೆಗೆದುಕೊಂಡದ್ದನ್ನು ನಾನು ಆ ಗಾದಿಯ ಮೇಲೆ ಕುಳಿತೇ ನೋಡಿದ್ದೇನೆ. ಮನೆಯ ಸೊಸೆಯಂದಿರು ಪಡಸಾಲೆಯನ್ನು ಬೆಳಗಿನ ಜಾವ ಸಾರಿಸುತ್ತಿದ್ದರು. ಹಗಲು ಅವರು ಅಲ್ಲಿ ಕೂಡುತ್ತಿರಲಿಲ್ಲ. ಒಳಬಾಗಿಲ ಮರೆಯಿಂದ ತಂಬಿಗೆಯ ನೀರು ಮುಂದೆ ಸರಿಯುತ್ತಿದ್ದಿತು, ಬಳೆಗಳ ಸದ್ದು ಕೇಳುತ್ತಿದ್ದಿತು. ಹಳೆಯ ಕಂಬವನ್ನು ಕೊಂಡು ತರುವವರು ಈ ಎತ್ತರವನ್ನು ಕೊಂಡು ತರುವುದಿಲ್ಲ. ಅದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ.

ಜಮಖಂಡಿ, ಮುಧೋಳಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರಲ್ಲಿ ನಮ್ಮ ರಾಜ್ಯಕ್ಕೆ ಸೇರಿದುವು. ದರ್ಬಾರು ಹೋದರೂ ಪಡಸಾಲೆ ಕೂಡಲೇ ಹೋಗಲಿಲ್ಲ. ಮಣ್ಣಿನ ಮಾಳಿಗೆ ಪ್ರತಿ ವರುಷ ಕೈ ಬೇಡುತ್ತದೆ. ಮಳೆಗೆ ಮುಂಚೆ ಮಣ್ಣು ಹೊತ್ತು ಹಾಕಬೇಕು, ಬಿರುಕು ಮುಚ್ಚಬೇಕು, ಹುಲ್ಲು ಕೀಳಬೇಕು. ಕೂಡು ಕುಟುಂಬ ಒಡೆದು ಆ ಕೈಗಳು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಮಾಳಿಗೆ ಸೋರತೊಡಗಿತು. ಸೋರಿದ ಮೇಲೆ ತೊಲೆ ಕೊಳೆಯಿತು. 2009ರ, 2019ರ ನೆರೆಗಳಲ್ಲಿ ಮಣ್ಣಿನ ಗೋಡೆಗಳು ರಾಶಿಯಾಗಿ ಕುಸಿದುವು.

ಆದರೆ ಕಂಬಗಳು ಪೇಟೆಗೆ ಬಂದ ದೊಡ್ಡ ದಾರಿ ಆಲಮಟ್ಟಿಯದು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇರಿಸಿದ ಅಣೆಕಟ್ಟು ನೀರು ತುಂಬಿ ನಿಂತಾಗ ಹಳೆಯ ಬಾಗಲಕೋಟೆಯ ಬಹುಭಾಗ, ಬೀಳಗಿ ಕಡೆಯ ಹಳ್ಳಿಗಳು ಹಿನ್ನೀರಿಗೆ ಸಂದುವು. ನೀರು ಒಣನೆಲಕ್ಕೆ ಬೇಕಾಗಿದ್ದಿತು, ಅದನ್ನು ಅಲ್ಲಗಳೆಯಲಾರೆ. ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಮೊದಲು ಮಾಳಿಗೆಯ ಮಣ್ಣು, ಆಮೇಲೆ ಜಂತಿ, ತೊಲೆ, ಕೊನೆಗೆ ಕಂಬ ಮತ್ತು ತಲೆಬಾಗಿಲು. ಪುನರ್ವಸತಿಯ ನಿವೇಶನದಲ್ಲಿ ಅಷ್ಟುದ್ದದ ತೊಲೆಗೆ ಜಾಗವೆಲ್ಲಿ? ಸಾಗುವಾನಿ ಅಡಿಯ ಲೆಕ್ಕದಲ್ಲಿ ಮಾರಾಟವಾಯಿತು. ಬೇವಿನ ಕಂಬ ಒಲೆಗೆ ಹೋಯಿತು. ಈಗ ನೀರಿನ ಮಟ್ಟ 519.60 ಮೀಟರು. ಅದನ್ನು 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿದೆ.

ಮುಧೋಳದ ಅರಮನೆಯ ದರ್ಬಾರು ಸಾಲೆಗೆ ಬೇರೊಂದು ಗತಿ ಒದಗಿತು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಎಂಬವರು ಅಳಿವಿಗೆ ಸಿಕ್ಕ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅವುಗಳಲ್ಲಿ ಮುಧೋಳದ ದರ್ಬಾರೂ ಒಂದು. ಶೆಣೈಯವರು 2017ರಲ್ಲಿ ತೀರಿಕೊಂಡರು. ಒಣನೆಲದ ಆ ಕಂಬಗಳು ಇಂದು ಕರಾವಳಿಯ ಮಳೆಯ ಸದ್ದು ಕೇಳುತ್ತ ನಿಂತಿವೆ. ಅಲ್ಲಿ ಯಾರೂ ವಾಸಿಸುವುದಿಲ್ಲ, ಆದರೆ ಕಂಬ ಮಾತ್ರ ತನ್ನ ಮಾಡನ್ನು ತಾನು ಹೊತ್ತಿದೆ.

ಹೋದ ವರುಷ ಹುನ್ನೂರಕ್ಕೆ ಹೋಗಿದ್ದೆ. ಹಿರಿಯರು ತೀರಿ ಬಹಳ ಕಾಲವಾಯಿತು. ಮಾಳಿಗೆ ತೆಗೆದು ಕಾಂಕ್ರೀಟು ಹಾಕಿದ್ದಾರೆ, ಎತ್ತಿನ ಜಾಗದಲ್ಲಿ ಮೋಟಾರ್ ಸೈಕಲ್ಲು ನಿಂತಿದೆ. ಗೋಡೆ ಮಾತ್ರ ಹಳೆಯದೇ. ಕೆಡವಲು ಕೂಲಿ ಹೆಚ್ಚಾಗುತ್ತದೆಂದು ಬಿಟ್ಟರಂತೆ. ದೀಪದ ಮಾಡದಲ್ಲಿ ಮೊಬೈಲು ಚಾರ್ಜಿಗೆ ಇಟ್ಟಿದ್ದರು. ಬಾಲ್ಯದಲ್ಲಿ ಒಳಬಾಗಿಲ ಮರೆಯಿಂದ ತಂಬಿಗೆ ಸರಿಸುತ್ತಿದ್ದ ಸೊಸೆ ಈಗ ಎಂಬತ್ತರ ಅಜ್ಜಿ. ಪಡಸಾಲೆಯ ನಟ್ಟನಡುವೆ ಆ ಬಾಗಿದ ಕಟ್ಟಿಗೆಯ ಕುರ್ಚಿಯಲ್ಲಿ ಕುಳಿತಿದ್ದಳು. “ಬಾ ಎಪ್ಪಾ, ಕೂಡು” ಎಂದು ನನಗೆ ಜಮಖಾನ ತೋರಿಸಿದಳು.